ಆಸ್ಪತ್ರೆಗೆಂದು ಇಸ್ತ್ರಿ ಮಾಡಿಟ್ಟ ಬಟ್ಟೆ

ನಮ್ಮಮ್ಮ ಮೊಝೆಲ್ ನಮ್ಮಿಂದ ಆ ಮಾತು ತಗೊಂಡಾಗ ನನ್ನ ತಲೆ ಅವಳ ಎರಡು ಮೊಣಕಾಲುಗಳ ನಡುವೆ ಸಿಕ್ಕಿಕೊಂಡಿತ್ತು. ಶನಿವಾರ ಸಂಜೆ, ಜಡೆ ಹೆಣೆಯುವ ಹೊತ್ತು. ಅಕ್ಕ ಅರ್ನೆಟಾಳದು ಮುಗಿದಿತ್ತು. ಅವಳು ಬಾಗಿಲ ಮೆಟ್ಟಿಲ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು.

"ಹೇಳ್ರೇ ಇಬ್ರೂ. ಆ ಆಸ್ಪತ್ರೇಲಿ ಯಾವತ್ತೂ ದನಿ ಎತ್ತಲ್ಲ ಅನ್ನಿ."

"ಎತ್ತಲ್ಲ," ಅಂದಳು ಅಕ್ಕ.

"ಮೈ ತೊಳ್ಕೊಂಡು, ಒಳ್ಳೆ ಬಟ್ಟೆ ಹಾಕ್ಕೊಂಡು ಹೋಗ್ತೀವಿ ಅನ್ನಿ. ಮೇಡಂ, ಸಾರ್ ಅಂತೀವಿ ಅನ್ನಿ."

"ಅಂತೀವಿ."

"ವರ್ಲೀನ್, ನಿನ್ ದನಿ ಕೇಳ್ಲಿಲ್ಲ ನಂಗೆ." ಜಡೆ ಹಿಡಿದು ಎಳೆದಳು.

"ಆಯ್ತು ಕಣಮ್ಮಾ, ಎತ್ತಲ್ಲ. ಬಿಡು, ನೋಯ್ತದೆ."

"ನೋಯ್ಲಿ. ನೋವಾದ್ರೆ ಮಾತು ನೆನಪಿರ್ತದೆ."

ಅವಳಿಗೆ ನೆನಪಿತ್ತು. ಅವಳ ತಮ್ಮ ಎಲ್ಜಿಯ ತೋಳು ಹತ್ತಿ ಜಿನ್ನಿಂಗ್ ಮಿಲ್ಲಿನ ಹಲ್ಲಿಗೆ ಸಿಕ್ಕಿತ್ತು. ಟ್ರಕ್ಕಿನ ಹಿಂದೆ ಮಲಗಿಸಿಕೊಂಡು ಅದೇ ಕೌಂಟಿ ಆಸ್ಪತ್ರೆಗೆ ತಂದಳು. ಕಾಯಿ ಅಂದರು. ಕಾದಳು. ಟ್ರಕ್ಕಿನ ಹಲಗೆ ಸಂದಿಯಿಂದ ರಕ್ತ ಅಂಗಳಕ್ಕೆ ಸುರಿಯಿತು. ಆಗ ಒಳಗೆ ಹೋಗಿ ಕೂಗಿದಳು. ಡಾಕ್ಟರಿಗಿಂತ ಮುಂಚೆ ಪೊಲೀಸ್ ಷೆರೀಫ್ ಬಂದ. ಅಮ್ಮನನ್ನು ಲಾಕಪ್ಪಿಗೆ ಹಾಕಿದರು. ಎಲ್ಜಿ ಮಾಮ ಟ್ರಕ್ಕಿನಲ್ಲೇ ಸತ್ತ. ತಾನು ಕೂಗದಿದ್ದರೆ ತಮ್ಮ ಉಳಿಯುತ್ತಿದ್ದ ಅಂತ ಅಮ್ಮ ಸಾಯುವವರೆಗೂ ನಂಬಿದಳು. ಆಸ್ಪತ್ರೆಯ ತಪ್ಪನ್ನು ತನ್ನ ಗಂಟಲಿನ ತಪ್ಪು ಅಂದುಕೊಂಡು ಬದುಕಿದಳು.

ಅದಕ್ಕೇ ನಮ್ಮ ಮನೆಯಲ್ಲಿ ಆಸ್ಪತ್ರೆ ಬಟ್ಟೆ ಅಂತ ಒಂದು ಇತ್ತು. ನಮ್ಮ ಕಪ್ಪು ಜನರ ಕೇರಿಯ ಎಲ್ಲಾ ಮನೆಯಲ್ಲೂ ಇದೆ. ತೊಳೆದು, ಇಸ್ತ್ರಿ ಮಾಡಿ, ಪ್ಲಾಸ್ಟಿಕ್ ಚೀಲ ಮುಚ್ಚಿ ಬಾಗಿಲ ಹಿಂದೆ ನೇತುಹಾಕಿರುತ್ತೇವೆ. ಈಸ್ಟರ್ ದಿನ ಚರ್ಚಿಗೆ ಹಾಕಿದರೂ ಹಾಕಿದೆವು. ಉಳಿದಂತೆ ಅದು ಬಿಳಿಯರ ಆಸ್ಪತ್ರೆಗೆ. ಹೊಸ ಒಳಬಟ್ಟೆ, ಉದ್ದ ಸಾಕ್ಸು, ಹೊಳಪು ಕೊಟ್ಟ ಬೂಟು, ಮುತ್ತಿನಂತೆ ಕಾಣುವ ಸರ. ನಾವು ಕೂಡ ಮನುಷ್ಯರು ಅಂತ ಬಾಗಿಲಲ್ಲೇ ತೋರಿಸಬೇಕಲ್ಲ, ಅದಕ್ಕೆ. ಜಗತ್ತಿನ ಬೇರೆ ಜನ ಕಾಯಿಲೆಯಾದರೆ ಕಾಯಿಲೆಯವರ ಥರ ಆಸ್ಪತ್ರೆಗೆ ಹೋಗುತ್ತಾರಂತೆ. ನಾವು ಮದುವೆಗೆ ಹೋದ ಹಾಗೆ ಹೋಗುತ್ತೇವೆ.

ನಾನೂ ಅಕ್ಕನೂ ಮೀನಿನ ಫ್ಯಾಕ್ಟರಿಯಲ್ಲಿ ಮೀನು ಹೊತ್ತು ಓಡುವ ಒಂದೇ ಬೆಲ್ಟಿನ ಮುಂದೆ ನಿಂತವರು. ಮಿಸಿಸಿಪಿಯ ಈ ಬಯಲಲ್ಲಿ ಮೊದಲು ಹತ್ತಿ ಇತ್ತು. ಈಗ ಹತ್ತಿ ಹೊಲ ಅಗೆದು ಕೆರೆ ಮಾಡಿ ಮೀಸೆ ಮೀನು ಸಾಕುತ್ತಾರೆ. ಬೆಳೆ ಬದಲಾಯಿತು, ಬಗ್ಗುವ ಬೆನ್ನು ಬದಲಾಗಲಿಲ್ಲ. ಗರಗಸದ ಹತ್ತಿರ ತಲೆ ಕತ್ತರಿಸುತ್ತಾರೆ. ಆಮೇಲೆ ಚರ್ಮ ಸುಲಿಯುವ ಯಂತ್ರ. ಆಮೇಲೆ ನಾವು. ಚೂರಿ ಹಾಕಿ ಎರಡು ಕಡೆಯ ಮಾಂಸ ತೆಗೆಯುವುದು. ಕಾಲ ಕೆಳಗೆ ಐಸು ನೀರು. ಬೆರಳು ರಾತ್ರಿ ಮಲಗಿದಾಗಲೂ ಚೂರಿ ಹಿಡಿದಂತೆ ಮಡಚಿಕೊಂಡೇ ಇರುತ್ತವೆ. ನನ್ನ ಕಿರಿಯ ಮಗ ಅವನ್ನು ಒಂದೊಂದಾಗಿ ಬಿಡಿಸುತ್ತಾನೆ, ಆಟ ಅಂದುಕೊಂಡು.

ಅಮ್ಮ ಹೋಗಿ ಎಷ್ಟೋ ವರ್ಷದ ಮೇಲೆ, ಒಂದು ಶನಿವಾರ ಮಧ್ಯಾಹ್ನ ಅಕ್ಕ ಚೂರಿ ಕೆಳಗಿಟ್ಟಳು. ಬೆಲ್ಟ್ ಓಡುತ್ತಿರುವಾಗ ಚೂರಿ ಇಡುವವಳಲ್ಲ ಅವಳು.

"ಏನಕ್ಕಾ?"

"ಎದೆ ಮೇಲೆ ಯಾರೋ ಕೂತಂಗಿದೆ ಕಣೇ. ದವಡೆನೂ ಸೆಳೀತದೆ."

ಆ ಚಳಿಯ ಕೋಣೆಯಲ್ಲಿ ಅವಳ ಹಣೆಯಿಂದ ಬೆವರು ಇಳಿಯುತ್ತಿತ್ತು. ಬಿಳಿಯ ಮೇಸ್ತ್ರಿ ಗ್ರೇಡಿ ಬಂದ. ಹೊಟ್ಟೆ ಮೊದಲು, ಅವನು ಆಮೇಲೆ.

"ಏನಾಯ್ತು ಅರ್ನೆಟಾಗೆ?"

"ಎದೆ ನೋವು ಗ್ರೇಡಿ ಸಾರ್. ಮನೆಗೆ ಕಳಿಸಿ ಸಾರ್," ಅಂದೆ.

"ನಂಗೂ ಇದೆ ಎದೆ ನೋವು, ನಿಮ್ಮನ್ನೆಲ್ಲ ನೋಡಿ ನೋಡಿ," ಅಂದು ತಾನೇ ನಕ್ಕ. "ಶಿಫ್ಟ್ ಮುಗಿಸಿ ಹೋಗ್ಲಿ."

ಶಿಫ್ಟ್ ಮುಗಿಸಿದಳು. ಕಾರಿನಲ್ಲಿ ಕೂತ ಮೇಲೆ ನಾನು ಆಸ್ಪತ್ರೆಯ ಕಡೆ ತಿರುಗಿಸಿದೆ. ಅಕ್ಕ ನನ್ನ ಮೊಣಕೈ ಹಿಡಿದಳು.

"ಎಲ್ಲಿಗೆ?"

"ಇನ್ನೆಲ್ಲಿಗೆ? ಆಸ್ಪತ್ರೆಗೆ."

"ಹಿಂಗಾ? ಈ ವಾಸ್ನೇಲಾ? ನಾಯಿ ಕೂಡ ಒಳಗೆ ಬಿಡಲ್ಲ. ಮನೆಗೆ ನಡಿ."

"ಅಕ್ಕಾ, ಬೆವರ್ತಾ ಇದೀಯ."

"ಬೆವರನ್ನೂ ತೊಳ್ಕೋಬೇಕಲ್ಲ, ಅದಕ್ಕೇ. ಈ ಏಪ್ರನ್ ಹಾಕ್ಕೊಂಡು ಹೋದ್ರೆ ಕುಡ್ದು ಬಂದವಳೆ ಅಂತಾರೆ. ಇಲ್ಲಾ ನಶೆ ಮಾತ್ರೆಗೆ ಬಂದವಳೆ ಅಂತಾರೆ. ನಡಿ ಮನೆಗೆ."

ಅವಳು ಹೇಳಿದ್ದು ಸುಳ್ಳಲ್ಲ. ಪಕ್ಕದ ಬೆಲ್ಟಿನ ಹೆಂಗಸನ್ನು ಹಾಗೇ ಅಂದು ಕಳಿಸಿದ್ದರು, ಕರುಳು ಒಡೆದಿದ್ದಾಗ. ಮನೆಗೆ ಬಂದೆವು. ನಿಂಬೆಹಣ್ಣು ಕೊಯ್ದು ಅವಳ ಕೈ ಉಜ್ಜಿದೆ. ಉಗುರಿನ ಸಂದಿ ಉಜ್ಜಿದೆ. ಬೆನ್ನು ತೊಳೆದೆ. ಅವಳು ಸ್ನಾನದ ತೊಟ್ಟಿಯ ಅಂಚು ಹಿಡಿದು ಉಸಿರು ಎಣಿಸುವವಳಂತೆ ಕೂತಿದ್ದಳು. ಪ್ಲಾಸ್ಟಿಕ್ ಚೀಲದಿಂದ ಆ ಕಡುನೀಲಿ ಲಂಗ, ಕೋಟು ತೆಗೆದೆ. ಸರ ಹಾಕಿದೆ. ತುಟಿಗೆ ಬಣ್ಣ ಅವಳೇ ಹಚ್ಚಿಕೊಂಡಳು. ಅದು ಅಂಚು ದಾಟಿತು, ಒರೆಸಿ ಮತ್ತೆ ಹಚ್ಚಿದಳು.

ಓದುವವರು ಇಲ್ಲಿ ನನ್ನನ್ನು ಬೈಯಬಹುದು. ಬೈಯಿರಿ. ಇದು ತಪ್ಪೊಪ್ಪಿಗೆಯಲ್ಲ. ಹೆಣವಾಗುತ್ತಿರುವವಳನ್ನು ಸಿಂಗರಿಸಿದ್ದು ನಾವು. ಸಿಂಗರಿಸದಿದ್ದರೆ ಕಣ್ಣೆತ್ತಿ ನೋಡದವರು ಅವರು. ಬೈಗುಳ ಯಾರಿಗೆ ಅಂತ ಮೊದಲು ತೀರ್ಮಾನ ಮಾಡಿಕೊಂಡು ಬೈಯಿರಿ.

ತುರ್ತು ವಿಭಾಗದ ಗೋಡೆಯ ಮೇಲೆ ಒಂದು ಫಲಕ ಇದೆ. ಕಾನೂನಿನ ಪ್ರಕಾರ ಹಾಕಲೇಬೇಕಂತೆ, ಹಾಕಿದ್ದಾರೆ. ಈ ಬಾಗಿಲಿಗೆ ಬಂದ ಯಾರನ್ನೇ ಆಗಲಿ ಪರೀಕ್ಷೆ ಮಾಡಿಯೇ ತೀರಬೇಕು, ಜೀವಕ್ಕೆ ಅಪಾಯ ಇದ್ದರೆ ಸುಧಾರಿಸುವ ತನಕ ಹೊರಗೆ ಕಳಿಸಬಾರದು, ಅದು ನಿಮ್ಮ ಹಕ್ಕು ಅಂತ ಅದರಲ್ಲಿ ಬರೆದಿದೆ. ಅಕ್ಕ ಅದರ ಕೆಳಗೇ ಕೂತಿದ್ದಳು. ಬೆನ್ನು ನೆಟ್ಟಗೆ. ಕೈಚೀಲ ತೊಡೆಯ ಮೇಲೆ. ಮೊಣಕಾಲು ಜೋಡಿಸಿ. ಚರ್ಚಿನ ಮುಂದಿನ ಸಾಲಿನಲ್ಲಿ ಕೂರುತ್ತಾಳಲ್ಲ, ಹಾಗೆ.

ಹೆಸರು ಕೂಗಿದರು. ನರ್ಸಿಗೆ ನನ್ನ ಮಗಳ ವಯಸ್ಸಿಗಿಂತ ಸ್ವಲ್ಪ ಹೆಚ್ಚಿರಬಹುದು. ಅಕ್ಕನನ್ನು ನೋಡಿ ಅವಳ ಮುಖ ಅರಳಿತು.

"ಅಯ್ಯೋ, ಎಷ್ಟು ಚೆನ್ನಾಗಿದೆ ನಿಮ್ ಡ್ರೆಸ್ಸು! ಯಾವ್ದಾದ್ರೂ ಪಾರ್ಟಿಯಿಂದ ಬಂದ್ರಾ?"

"ಇಲ್ಲ ಮೇಡಂ. ಥ್ಯಾಂಕ್ಸ್ ಮೇಡಂ."

"ಹೇಗಿದೀರಾ?"

"ಚೆನ್ನಾಗಿದೀನಿ ಮೇಡಂ. ನೀವು ಚೆನ್ನಾಗಿದೀರಾ?"

ಹೀಗೆ ಕೇಳಿದರೆ ಹೀಗೇ ಹೇಳಬೇಕು ಅಂತ ನಮಗೆ ಹುಟ್ಟಿನಿಂದ ಕಲಿಸಿದ್ದು. ಇಲ್ಲಿಯ ಬಿಳಿಯರಿಗೂ ಅದೇ ಕಲಿಸಿದ್ದು. ಇದು ಉತ್ತರ ಅಲ್ಲ, ನಮಸ್ಕಾರ ಅಂತ ಈ ಕೌಂಟಿಯ ನಾಯಿಗಳಿಗೂ ಗೊತ್ತು.

"ಏನು ತೊಂದ್ರೆ?"

"ಎದೆ ಹಿಡ್ಕೊಂಡಂಗಿದೆ ಮೇಡಂ. ದವಡೆ ತನಕ ಬರ್ತದೆ. ನಿಮಗೆ ತೊಂದ್ರೆ ಕೊಟ್ಟೆ, ಬೇಜಾರು ಮಾಡ್ಕೋಬೇಡಿ."

"ನೋವು ಹತ್ತಕ್ಕೆ ಎಷ್ಟು ಅಂತೀರಾ?"

ಅಕ್ಕ ಯೋಚಿಸಿದಳು. ಮಗಳು ಜಕಾಯಾಳನ್ನು ಹಡೆಯುವಾಗ ಇದೇ ಪ್ರಶ್ನೆಗೆ ಮೂರು ಅಂದವಳು ಅವಳು.

"ಐದು ಮೇಡಂ," ಅಂದಳು.

ನನ್ನ ಜೀವ ಹಾರಿತು. ಅರ್ನೆಟಾ ಐದು ಅಂದರೆ ಸಾವು ಹೊಸಿಲಿಗೆ ಬಂದಿದೆ ಅಂತ. ನರ್ಸು ಐದು ಅಂತ ಬರೆದುಕೊಂಡಳು. ಪರದೆಯ ಹಿಂದೆ ಒಂದು ಮಂಚ ತೋರಿಸಿದಳು.

ಅಷ್ಟರಲ್ಲಿ ಬಾಗಿಲು ಧಡಾರನೆ ತೆರೆಯಿತು. ಬಂದವನು ಗ್ರೇಡಿ. ಒಳ ಬನಿಯನ್ನು. ಅದರ ಮೇಲೆ ಮಾಂಸದ ಸಾರಿನ ಕಲೆ. ಕಾಲಿಗೆ ಚಪ್ಪಲಿ ಇಲ್ಲ. ಎದೆ ಹಿಡಿದು ಅರಚುತ್ತಿದ್ದ.

"ಸತ್ತೆ ಕಣ್ರೋ! ಎಲ್ಲಿ ಹಾಳಾಗಿ ಹೋದ್ರಿ ಎಲ್ರೂ? ಎದೆ ಒಡೀತಾ ಇದೆ ನಂಗೆ!"

ಎಲ್ಲಿದ್ದರೋ ಅಷ್ಟು ಜನ. ತಳ್ಳುಗಾಡಿ ಬಂತು. ಅದೇ ನರ್ಸು ಓಡಿ ಬಂದಳು. ಡಾಕ್ಟರೂ ಓಡಿದ. ಪಕ್ಕದ ಪರದೆಯೊಳಗೆ ಅವನ ಎದೆಗೆ ವೈರು ಅಂಟಿಸಿದ ಸದ್ದು, ಯಂತ್ರ ಟಿಕ್ ಟಿಕ್ ಅಂದ ಸದ್ದು, ರಕ್ತ ತೆಗೆಯಲು ಸೂಜಿ ಹಾಕಿದಾಗ ಅವನು ಬೈದ ಬೈಗುಳ, ಎಲ್ಲ ನಮಗೆ ಕೇಳಿಸಿತು. ನಡುವೆ ಇದ್ದದ್ದು ಒಂದು ಬಟ್ಟೆ.

ಅಕ್ಕ ಆ ನೋವಿನಲ್ಲೂ ನನ್ನ ಕಡೆ ವಾಲಿದಳು. "ಪಾಪ, ನಮ್ಮನ್ನೆಲ್ಲ ನೋಡಿ ನೋಡಿ ಎದೆ ಒಡೀತು ಅವನಿಗೆ," ಅಂದಳು. ಅವಳ ಕೊನೆಯ ತಮಾಷೆ ಅದು. ನಕ್ಕೆವು ಕೂಡ. ಆ ನಗುವೂ ಮುಂದೆ ಆಸ್ಪತ್ರೆಯವರಿಗೆ ಸಾಕ್ಷಿಯಾಯಿತು.

ಬಹಳ ಹೊತ್ತಿನ ಮೇಲೆ ಡಾಕ್ಟರು ನಮ್ಮ ಪರದೆ ಸರಿಸಿದ. ಒಳಗೆ ಬರಲಿಲ್ಲ. ಪರದೆ ಹಿಡಿದೇ ನಿಂತ. ಸ್ಟೆತಾಸ್ಕೋಪು ಅವನ ಕೊರಳಲ್ಲಿ ಸನ್ಮಾನದ ಹಾರದ ಹಾಗೆ ನೇತಾಡುತ್ತಿತ್ತು. ಅದು ಕೊನೆಯವರೆಗೂ ಅಲ್ಲಿಂದ ಇಳಿಯಲಿಲ್ಲ.

"ಮಧ್ಯಾಹ್ನ ಏನ್ ತಿಂದ್ರಿ?"

"ಕರಿದ ಮೀನು ಸಾರ್, ಜೋಳದ ರೊಟ್ಟಿ."

"ಅದೇ ಮತ್ತೆ," ಅಂದ. "ಹೊಟ್ಟೆ ಉರಿ. ಒಂದು ಸಿರಪ್ ಕೊಡ್ತೀನಿ. ಮನೆಗೆ ಹೋಗಿ ರೆಸ್ಟ್ ತಗೊಳ್ಳಿ."

ನಾನು ಎದ್ದು ನಿಂತೆ. ಎಷ್ಟು ಮೆತ್ತಗೆ ಸಾಧ್ಯವೋ ಅಷ್ಟು ಮೆತ್ತಗೆ ಕೇಳಿದೆ. "ಡಾಕ್ಟ್ರೇ, ಪಕ್ಕದಲ್ಲಿ ಆ ಸಾರ್‌ಗೆ ಹಾಕಿದ್ರಲ್ಲ ವೈರು. ಅದನ್ನ ಇವಳಿಗೂ ಒಂದ್ಸಲ..."

"ನೀವು ಡಾಕ್ಟರಾ?" ಅಂದ, ನಗುನಗುತ್ತಲೇ.

"ಅಲ್ಲ ಸಾರ್. ಮೀನು ಕೊಯ್ತೀನಿ."

"ಹ್ಞಾಂ. ನಿಮ್ ಕೆಲ್ಸಕ್ಕೆ ನಾನು ಬರಲ್ಲ."

ಕೂಗಲು ಬಾಯಿ ತೆರೆದೆ. ಅಕ್ಕ ನನ್ನ ಮಣಿಕಟ್ಟು ಹಿಡಿದು ಚಿವುಟಿದಳು. ಅಮ್ಮ ಜಡೆ ಎಳೆದ ಹಾಗೇ ಇತ್ತು ಅದು. "ಬೇಡ ಕಣೇ. ಮಾತು ಕೊಟ್ಟಿದೀವಿ," ಅಂದಳು ಪಿಸುದನಿಯಲ್ಲಿ. ಡಾಕ್ಟರಿಗೆ ಥ್ಯಾಂಕ್ಸ್ ಹೇಳಿದಳು. ಹೊರಗೆ ಹೋಗುವಾಗ ನರ್ಸಿಗೂ ಹೇಳಿದಳು.

ಮನೆಗೆ ಬಂದು ಸೋಫಾ ಮೇಲೆ ಕೂತಳು. ಬಟ್ಟೆ ಬಿಚ್ಚಲು ಶಕ್ತಿ ಇಲ್ಲ ಅಂದಳು. "ಇರ್ಲಿ ಬಿಡೇ, ನಾಳೆ ಹೇಗೂ ಭಾನುವಾರ. ಹಿಂಗೇ ಚರ್ಚಿಗೆ ಹೋಗ್ಬಹುದು." ಸಿರಪ್ ಕುಡಿದಳು. ಬೆಳಿಗ್ಗೆ ಜಕಾಯಾ ಎಬ್ಬಿಸಲು ಹೋದಾಗ ಹಾಗೇ ಕೂತಿದ್ದಳು. ಸರ ಸರಿಯಾಗೇ ಇತ್ತು. ತುಟಿಯ ಬಣ್ಣ ಕೂಡ.

ಶವ ಸಿದ್ಧ ಮಾಡುವವನು ಹೂಳಲು ಒಳ್ಳೆಯ ಬಟ್ಟೆ ಕೊಡಿ ಅಂದ. "ಹಾಕ್ಕೊಂಡೇ ಬಂದವಳೆ," ಅಂದೆ.

ಗ್ರೇಡಿಯನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡು ನೋಡಿ ಕಳಿಸಿದರು. ಅಕ್ಕನ ಮಣ್ಣು ಒಣಗುವ ಮೊದಲೇ ಅವನು ಫ್ಯಾಕ್ಟರಿಗೆ ಬಂದು ಬೆಲ್ಟಿನ ಉದ್ದಕ್ಕೂ ಹೇಳಿಕೊಂಡು ತಿರುಗಿದ. "ಎದೆ ತುಂಬ ವೈರು ಕಣ್ರೇ. ಕೀಳೋವಾಗ ಕೂದಲೆಲ್ಲ ಕಿತ್ಕೊಂಡು ಬಂತು. ಕಡೆಗೆ ನೋಡಿದ್ರೆ ಏನು? ಗ್ಯಾಸು!" ಅವನ ಗಾಳಿಗೆ ಯಂತ್ರ. ನಮ್ಮಕ್ಕನ ಹೃದಯಕ್ಕೆ ಸಿರಪ್ಪು.

ನಾನೂ ಜಕಾಯಾಳೂ ಆಸ್ಪತ್ರೆಗೆ ಕೇಳಲು ಹೋದೆವು. ಅವಳು ಅಕ್ಕನ ಮಗಳು, ಹದಿನಾಲ್ಕರವಳು, ಈಗ ನನ್ನ ಮಕ್ಕಳ ಜೊತೆ ನಾಲ್ಕನೆಯವಳು. ಒಂದು ಸುವಾಸನೆಯ ಹೆಂಗಸು ನಮ್ಮನ್ನು ಮೆತ್ತನೆ ಕುರ್ಚಿಯಲ್ಲಿ ಕೂರಿಸಿದಳು. ದುಃಖಿತರ ಜೊತೆ ಮಾತಾಡುವುದೇ ಅವಳ ಕೆಲಸವಂತೆ.

"ನಮಗೂ ತುಂಬಾ ನೋವಾಗಿದೆ," ಅಂದಳು. "ಆದ್ರೆ ನಿಮ್ಮಮ್ಮ ಆರಾಮಾಗಿ ಇದ್ರಂತೆ ಪುಟ್ಟಾ. ನಗ್ತಾ ಇದ್ರಂತೆ. ಚೆನ್ನಾಗಿದೀನಿ ಅಂತ ಅವರೇ ಹೇಳಿದಾರೆ. ಅವರು ಬಾಯಿಬಿಟ್ಟು ಹೇಳಿದ್ರೆ ನಾವು ಏನಾದ್ರೂ ಮಾಡ್ಬಹುದಿತ್ತು."

ಇಷ್ಟು ಹೇಳಿ ಜಕಾಯಾಳ ಕೈಗೆ ಒಂದು ಮಿಠಾಯಿ ಕೊಟ್ಟಳು. ಕೊಂದವರೇ ಸಾವಿನ ಮನೆ ಊಟ ಬಡಿಸಿದ ಹಾಗೆ.

ಅವತ್ತಿನಿಂದ ಆ ಹುಡುಗಿಯದು ಒಂದೇ ಪ್ರಶ್ನೆ. ಪಾತ್ರೆ ತೊಳೆಯುವಾಗ, ಶಾಲೆಗೆ ಹೊರಡುವಾಗ, ಊಟದ ನಡುವೆ. "ಚಿಕ್ಕಮ್ಮಾ, ಅಮ್ಮ ಯಾಕೆ ಹೇಳ್ಲಿಲ್ಲ? ಜೋರಾಗಿ ಹೇಳಿದ್ರೆ ಬದುಕ್ತಾ ಇದ್ದಳಾ?"

ಹೇಳಿದಳು ಕಣೇ, ಎದೆ ಅಂದಳು, ದವಡೆ ಅಂದಳು, ನಾನೇ ಕೇಳಿದೀನಿ ಅಂದೆ. ನಂಬಲಿಲ್ಲ. ನನ್ನ ಅಮ್ಮ ತನ್ನ ಗಂಟಲನ್ನು ದೂರುತ್ತಾ ಸತ್ತಳು. ಇವಳು ತನ್ನ ಅಮ್ಮನ ಗಂಟಲನ್ನು ದೂರುತ್ತಾ ಬೆಳೆಯುತ್ತಿದ್ದಳು. ಆಸ್ಪತ್ರೆ ಮಾತ್ರ ಎರಡು ತಲೆಮಾರಿನಿಂದ ದೀಕ್ಷಾಸ್ನಾನ ಮಾಡಿದವರ ಹಾಗೆ ಶುದ್ಧವಾಗಿ ನಿಂತಿತ್ತು. ಅದಕ್ಕೇ ಕೇಸು ಹಾಕಿದೆ. ಬೇರೆ ಯಾವ ಆಸೆಗೂ ಅಲ್ಲ. ಆ ಪ್ರಶ್ನೆ ಈ ಮಗುವಿನ ತಲೆಯಿಂದ ಇಳಿದು ಯಾರ ತಲೆ ಮೇಲೆ ಕೂರಬೇಕೋ ಅಲ್ಲಿ ಕೂರಲಿ ಅಂತ.

ಜಾಕ್ಸನ್ ಪಟ್ಟಣದಿಂದ ತಮೀಕಾ ಬೋಲ್ಡನ್ ಅನ್ನುವ ವಕೀಲೆ ಬಂದಳು. ನಮ್ಮವಳೇ. ಅಡುಗೆ ಮನೆಯಲ್ಲಿ ಕೂತು ಸರಳವಾಗಿ ಹೇಳಿದಳು.

"ನೋಡಿ ವರ್ಲೀನಕ್ಕಾ, ಡಾಕ್ಟರಿಗೆ ಕಾಯಿಲೆ ತಿಳೀಲಿಲ್ಲ ಅನ್ನೋದು ಒಂದು ಮಾತು. ಆದ್ರೆ ಈ ಕಾನೂನು ಕೇಳೋದು ಬೇರೆ. ಎದೆ ನೋವು ಅಂದವರಿಗೆಲ್ಲ ವೈರು ಹಾಕಿ ನೋಡ್ಬೇಕು ಅಂತ ಆಸ್ಪತ್ರೆಯದೇ ನಿಯಮ ಇದೆ. ಗ್ರೇಡಿಗೆ ನೋಡಿದ್ರು. ಅರ್ನೆಟಕ್ಕಂಗೆ ನೋಡ್ಲಿಲ್ಲ. ಒಬ್ಬರಿಗೆ ನೋಡಿದ ಹಾಗೆ ಇನ್ನೊಬ್ಬರಿಗೂ ನೋಡಿದ್ರಾ, ಇಷ್ಟೇ ಪ್ರಶ್ನೆ."

ಗ್ರೇಡಿಯನ್ನು ಕರೆಸಿ ಕೇಳಿದಳು. ಅವನು ಅಲ್ಲಿಯೂ ಎದೆಗೂದಲಿನ ಕಥೆ ಹೇಳಿದನಂತೆ, ಹೆಮ್ಮೆಯಿಂದ.

ಆಮೇಲೆ ಆಸ್ಪತ್ರೆಯವರು ಹೇಳಿ ಕಳಿಸಿದರು. ಒಂದಿಷ್ಟು ದುಡ್ಡು ಕೊಡ್ತೀವಿ, ಇದರ ಬಗ್ಗೆ ಮುಂದೆ ಎಲ್ಲಿಯೂ ಬಾಯಿ ಬಿಡಬಾರದು. ನನಗೆ ನಗು ಬಂತು. ಇಷ್ಟು ತಲೆಮಾರು ನಾವು ಪುಕ್ಕಟೆ ಸುಮ್ಮನಿದ್ದೆವು. ಈಗ ನಮ್ಮ ಮೌನಕ್ಕೂ ಬೆಲೆ ಬಂದಿದೆ. ಒಲ್ಲೆ ಅಂದೆ.

ಸಾಕ್ಷಿ ಹೇಳಿಕೆಯ ದಿನ ಬಂತು. ಕೋರ್ಟಿಗೆ ಮುಂಚೆ ಎರಡು ಕಡೆಯ ವಕೀಲರು ಕೂತು ಪ್ರಮಾಣ ಮಾಡಿಸಿ ಕೇಳುತ್ತಾರೆ, ಒಬ್ಬಾಕೆ ಪ್ರತಿ ಮಾತನ್ನೂ ಟೈಪ್ ಮಾಡುತ್ತಾಳೆ. ಅದನ್ನು ಆಸ್ಪತ್ರೆಯ ಮೀಟಿಂಗ್ ರೂಮಿನಲ್ಲೇ ಇಟ್ಟಿದ್ದರು. ಡಾಕ್ಟರ ಸಮಯ ಅಮೂಲ್ಯವಂತೆ. ಆ ರೂಮು ಇರುವುದು ತುರ್ತು ವಿಭಾಗದ ಪಕ್ಕದ ಓಣಿಯಲ್ಲಿ, ಒಂದೇ ಗೋಡೆ ಆಚೆ.

"ಚೆನ್ನಾಗಿ ಡ್ರೆಸ್ ಮಾಡ್ಕೊಂಡು ಬನ್ನಿ ಅಕ್ಕಾ," ಅಂದಿದ್ದಳು ತಮೀಕಾ ಫೋನಿನಲ್ಲಿ. "ನೋಡಿದ ತಕ್ಷಣ ಗೌರವ ಬರ್ಬೇಕು."

ನನ್ನ ಆಸ್ಪತ್ರೆ ಬಟ್ಟೆ ಬಾಗಿಲ ಹಿಂದೆ ನೇತಾಡುತ್ತಿತ್ತು. ಬೂದು ಬಣ್ಣದ್ದು. ಅದನ್ನು ಮುಟ್ಟಲಿಲ್ಲ. ಫ್ಯಾಕ್ಟರಿಯಿಂದ ನೇರ ಹೋದೆ. ರಬ್ಬರ್ ಬೂಟು. ಏಪ್ರನ್ನು. ತೋಳಿನ ಮೇಲೆ ಒಣಗಿದ ಮೀನಿನ ರಕ್ತ. ಕೈ ತೊಳೆಯಲಿಲ್ಲ. ಜಕಾಯಾಳನ್ನು ಶಾಲೆಯಿಂದ ಹತ್ತಿಸಿಕೊಂಡೆ.

"ಹಿಂಗೇ ಬರ್ತೀಯಾ ಚಿಕ್ಕಮ್ಮಾ?"

"ಹಿಂಗೇ ಬರ್ತೀನಿ. ನೀನು ಓಣಿಲಿ ಬೆಂಚಿನ ಮೇಲೆ ಕೂತಿರು."

ತಮೀಕಾ ನನ್ನನ್ನು ತಲೆಯಿಂದ ಬೂಟಿನವರೆಗೆ ನೋಡಿ ಪಕ್ಕದ ಕುರ್ಚಿ ಎಳೆದಳು. ಆಸ್ಪತ್ರೆಯ ವಕೀಲ ವಿಟ್ಲಾಕ್ ಕುರ್ಚಿಯನ್ನು ಹಿಂದಕ್ಕೆ ತಳ್ಳಿಕೊಂಡ. ಮೂಗು ಮುಚ್ಚಲು ಸಂಸ್ಕಾರ ಬಿಡಲಿಲ್ಲ, ಉಸಿರಾಡಲು ಮೂಗು ಬಿಡಲಿಲ್ಲ. ಮೂಲೆಯಲ್ಲಿ ಆ ಡಾಕ್ಟರು. ಸ್ಟೆತಾಸ್ಕೋಪು ಇವತ್ತೂ ಕೊರಳಲ್ಲೇ. ಗೋಡೆಯ ತುಂಬ ಆಸ್ಪತ್ರೆಯ ಸತ್ತ ಅಧ್ಯಕ್ಷರ ಫೋಟೋಗಳು, ಎಲ್ಲರಿಗೂ ಕೋಟು.

ವಿಟ್ಲಾಕ್ ಒಳ್ಳೆ ಮಾತಿನವನು. ನರ್ಸು ಬರೆದಿದ್ದನ್ನು ಜೇನು ಸವರಿ ಓದಿದ. ನೀಟಾಗಿ ಉಡುಪು ಧರಿಸಿದ್ದಾರೆ. ನಗುತ್ತಿದ್ದಾರೆ. ಆರಾಮಾಗಿದ್ದಾರೆ.

"ಇದು ನಿಜಾನಾ ಮೇಡಂ?"

ನನ್ನನ್ನು ಮೇಡಂ ಅಂದ. ಅಮ್ಮ ಇದ್ದಿದ್ದರೆ ಮೂರ್ಛೆ ಹೋಗುತ್ತಿದ್ದಳು.

"ಉಡುಪು ನಿಜ. ನಗು ನಿಜ. ಆರಾಮು ಸುಳ್ಳು," ಅಂದೆ.

"ಚೆನ್ನಾಗಿದೀನಿ ಅಂತ ಅವರು ಹೇಳಿದ್ದು?"

"ನಿಮ್ಮನ್ನ ಇವಾಗ ಹೇಗಿದೀರಾ ಅಂದ್ರೆ ಏನಂತೀರಾ?"

"ಪ್ರಶ್ನೆ ಕೇಳೋನು ನಾನು ಮೇಡಂ."

"ಚೆನ್ನಾಗಿದೀನಿ ಅಂತೀರಿ. ನನ್ನ ವಾಸನೆಗೆ ಹೊಟ್ಟೆ ತೊಳಸ್ತಾ ಇದ್ರೂ ಅಂತೀರಿ."

ಟೈಪ್ ಮಾಡುವವಳ ತುಟಿಯ ಅಂಚು ಅಲುಗಿತು. ಬೆರಳು ನಿಲ್ಲಲಿಲ್ಲ. ವಿಟ್ಲಾಕ್ ಮುಂದಕ್ಕೆ ಬಾಗಿದ, ಬಾಗಿ ವಾಸನೆ ನೆನಪಾಗಿ ಮತ್ತೆ ಹಿಂದಕ್ಕೆ ಹೋದ.

"ನಾನು ಹೇಳೋದು ಇಷ್ಟೇ. ಆ ಇನ್ನೊಬ್ಬ ರೋಗಿ ಜೋರಾಗಿ ಹೇಳ್ಕೊಂಡ. ನಿಮ್ಮಕ್ಕ ಹೇಳ್ಕೊಳ್ಳಲಿಲ್ಲ. ಡಾಕ್ಟರು ದೇವರಲ್ಲವಲ್ಲ. ಅವರೂ ಹಾಗೇ ಕೂಗಿದ್ದಿದ್ರೆ, ಅವರಿಗೂ ಅದೇ ಥರ ಓಡಿ ಬರ್ತಾ ಇದ್ರು ಅಂತ ನೀವು ಒಪ್ಕೋತೀರಲ್ವಾ?"

ಬಾಯಿದ್ದವನು ಬರಗಾಲದಲ್ಲೂ ಬದುಕುತ್ತಾನೆ ಅಂತಾರೆ. ನಮ್ಮೂರಲ್ಲಿ ಯಾರ ಬಾಯಿ ಅಂತ ಮೊದಲು ನೋಡುತ್ತಾರೆ.

"ಯಾವ ಥರ ಕೂಗ್ಬೇಕಿತ್ತು ಸಾರ್?" ಅಂದೆ.

"ಅಂದ್ರೆ?"

"ಗ್ರೇಡಿ ಕೂಗಿದ ಥರಾನಾ?"

"ನೋವನ್ನ ನೋವಿನ ಹಾಗೆ ತೋರಿಸಿದ್ರೆ ಸಾಕಿತ್ತು ಮೇಡಂ."

"ಹಂಗಾದ್ರೆ ನೋಡೋಣ ಬಿಡಿ," ಅಂದೆ. "ಯಾರು ಓಡಿ ಬರ್ತಾರೆ ಅಂತ."

ಎದ್ದು ನಿಂತೆ. ಎರಡು ಕೈಯಲ್ಲೂ ಎದೆ ಹಿಡಿದೆ. ಕಿರುಚಿದೆ.

ಅದು ಎಲ್ಲಿತ್ತೋ ಗೊತ್ತಿಲ್ಲ. ಅಕ್ಕ ತೊಟ್ಟಿಯ ಅಂಚು ಹಿಡಿದು ನುಂಗಿದ್ದು. ಪರದೆಯ ಹಿಂದೆ ನಾನು ನುಂಗಿದ್ದು. ಅಮ್ಮ ಲಾಕಪ್ಪಿನಿಂದ ಬಂದ ಮೇಲೆ ಸಾಯುವ ತನಕ ನುಂಗಿದ್ದು. ಗಂಟಲು ಹರಿಯುವ ತನಕ ಕಿರುಚಿದೆ. "ಸತ್ತೆ! ಎದೆ! ಎದೆ ಒಡೀತಾ ಇದೆ! ಯಾರಾದ್ರೂ ಬನ್ರೋ!" ಫೋಟೋದ ಗಾಜು ನಡುಗಿತು. ಡಾಕ್ಟರು ಕುರ್ಚಿಯ ಹಿಂದೆ ಸರಿದ. ನನ್ನ ಹತ್ತಿರ ಬರಲಿಲ್ಲ. ಹಿಂದೆ ಸರಿದ.

ಓಣಿಯಲ್ಲಿ ಓಡುವ ಬೂಟಿನ ಸದ್ದು. ಬಾಗಿಲು ಧಡಾರನೆ ತೆರೆಯಿತು.

ಬಂದವನು ಸೆಕ್ಯೂರಿಟಿ ಗಾರ್ಡು. ಒಂದು ಕೈ ಬಾಗಿಲ ಮೇಲೆ, ಇನ್ನೊಂದು ಸೊಂಟದ ಬೆಲ್ಟಿನ ಕೋಲಿನ ಮೇಲೆ. ಮುಖ ನೋಡಿದೆ. ಕೆಲ್ವಿ. ನಮ್ಮ ಚರ್ಚಿನ ಹುಡುಗ, ಹಿಂದಿನ ಸಾಲಿನಲ್ಲಿ ಕೂತು ತೂಕಡಿಸುವವನು. ಅಕ್ಕನ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು.

"ವರ್ಲೀನಕ್ಕಾ? ನೀವಾ?" ಅಂದ. ಕೈ ಕೋಲಿನ ಮೇಲೇ ಇತ್ತು. ತೆಗೆಯುವುದು ಮರೆತಿದ್ದ. "ಗಲಾಟೆ ಮಾಡ್ತಾ ಇದಾರೆ, ಹೊರಗೆ ಹಾಕು ಅಂದ್ರು. ನಂಗೇನ್ ಗೊತ್ತು ನೀವು ಅಂತ..."

"ಯಾರು ಅಂದ್ರು ಕೆಲ್ವಿ?"

"ನರ್ಸಮ್ಮ."

"ಅವಳು ಬರ್ಲಿಲ್ವಾ?"

"ಇಲ್ಲ. ನಂಗೆ ಫೋನ್ ಮಾಡಿದ್ರು."

ನಾನು ಟೈಪ್ ಮಾಡುವವಳ ಕಡೆ ತಿರುಗಿದೆ. "ಬರ್ಕೊಳ್ಳಿ ಅಮ್ಮಾ. ಕೂಗಿದ್ದು ಎದೆ ನೋವು ಅಂತ. ಬಂದಿದ್ದು ಕೋಲು. ಇದೇ ಈ ಸಾಹೇಬರು ಕೇಳಿದ ಪ್ರಶ್ನೆಗೆ ಉತ್ತರ. ಸುಮ್ನಿದ್ರೆ ಸಿರಪ್ಪು, ಕೂಗಿದ್ರೆ ಕೋಲು. ಎರಡೂ ಬರ್ಕೊಳ್ಳಿ."

ಬರೆದುಕೊಂಡಳು. ಕೀಲಿ ಸದ್ದು ಎಲ್ಲರಿಗೂ ಕೇಳಿಸಿತು. ವಿಟ್ಲಾಕ್ ಏನೋ ಹೇಳಲು ಹೋದ. ತಮೀಕಾ ಅವನತ್ತ ಅಂಗೈ ಎತ್ತಿದಳು.

"ಸ್ವಲ್ಪ ಕಾಯೋಣ ವಿಟ್ಲಾಕ್ ಅವರೇ," ಅಂದಳು. "ಗೋಡೆ ಆಚೆನೇ ತುರ್ತು ವಿಭಾಗ. ತಳ್ಳುಗಾಡಿ ಬಂದ್ರೂ ಬರ್ಬಹುದು."

ಕಾದೆವು. ನಾನು ಎದೆ ಹಿಡಿದುಕೊಂಡೇ ನಿಂತಿದ್ದೆ. ಡಾಕ್ಟರು ಗೋಡೆಯ ಫೋಟೋ ನೋಡುತ್ತಿದ್ದ. ಕೆಲ್ವಿ ನೆಲ ನೋಡುತ್ತಿದ್ದ. ಯಾರೂ ಬರಲಿಲ್ಲ.

ಹೊರಗೆ ಬಂದಾಗ ಜಕಾಯಾ ಬೆಂಚು ಬಿಟ್ಟು ಎದ್ದು ನಿಂತಿದ್ದಳು. ನನ್ನ ಹಿಂದೆ ಕಾರಿನವರೆಗೆ ಬಂದಳು. ಒಳಗೆ ಕೂತ ಮೇಲೆ ಕೇಳಿದಳು.

"ಕಿರುಚಿದ್ದು ನೀನಾ?"

"ಹ್ಞೂಂ."

"ಕೆಲ್ವಿ ಮಾಮ ಓಡಿ ಹೋದ. ನರ್ಸುಗಳು ಅಲ್ಲೇ ನಿಂತಿದ್ರು ಚಿಕ್ಕಮ್ಮಾ. ಬಾಗಿಲಲ್ಲೇ. ನಾನು ನೋಡ್ದೆ. ಒಬ್ಳು ಕಾಫಿ ಕುಡೀತಿದ್ಳು."

"ಹ್ಞೂಂ."

ಅವಳು ಕಿಟಕಿಯ ಕಡೆ ತಿರುಗಿ ಕೆರೆಗಳನ್ನು ನೋಡುತ್ತಾ ಕೂತಳು. ಅಮ್ಮ ಯಾಕೆ ಹೇಳಲಿಲ್ಲ ಅಂತ ಅವತ್ತು ಕೇಳಲಿಲ್ಲ. ಆಮೇಲೂ ಕೇಳಿಲ್ಲ.

ಕೇಸು ಇನ್ನೂ ನಡೆಯುತ್ತಿದೆ. ನಾಳೆ ಬೆಳಿಗ್ಗೆ ನಾನು ಮತ್ತೆ ಬೆಲ್ಟಿನ ಮುಂದೆ ನಿಲ್ಲಬೇಕು. ಬಾಗಿಲ ಹಿಂದಿನ ಬೂದು ಬಟ್ಟೆ ಹರಿದು ಬೂಟು ಒರೆಸಲು ಇಟ್ಟುಕೊಂಡಿದ್ದೇನೆ.

ಆ ಆಸ್ಪತ್ರೆಯಲ್ಲಿ ದನಿ ಎತ್ತುವುದಿಲ್ಲ ಅಂತ ಅಮ್ಮನಿಗೆ ಮಾತು ಕೊಟ್ಟಿದ್ದೆ. ಮುರಿದೆ.